'ಹೋಂಸ್ಕೂಲಿಂಗ್' ಅಂತೆ! ಹೊಲಕ್ಕೆ ಹೋದ ಅವ್ವ ಪಾಠ ಹೇಳೋದು ಯಾವಾಗ?

ಪೇಟೆಯಲ್ಲಿ ಹುಟ್ಟಿದ ಒಂದು ಮಾತು ಈಗ ವಾಟ್ಸ್‌ಆ್ಯಪ್ ಹಿಡಿದು ಹಳ್ಳಿಗೂ ಬಂದಿದೆ. ಹೋಂಸ್ಕೂಲಿಂಗ್. ಅಂದರೆ ಮಗುವನ್ನು ಶಾಲೆಗೆ ಸೇರಿಸದೆ ಅಪ್ಪ ಅಮ್ಮನೇ ಮನೆಯಲ್ಲಿ ಕಲಿಸುವುದು. ವಿಡಿಯೊದಲ್ಲಿ ನೋಡಲು ಬಹಳ ಚೆಂದ. ತೋಟದ ನಡುವೆ ಮನೆ, ಮರಕ್ಕೆ ಜೋಕಾಲಿ, ಅಮ್ಮನ ಪಕ್ಕ ಕೂತು ಎಲೆ ಎಣಿಸುವ ಮಗು. ಬೆತ್ತ ಇಲ್ಲ, ಹೋಂವರ್ಕ್ ಇಲ್ಲ, ಫೀಸೂ ಇಲ್ಲ. ಕೊನೆಯಲ್ಲಿ ಒಂದು ಉಪದೇಶ: ಶಾಲೆ ಮಕ್ಕಳನ್ನು ಕೆಡಿಸುತ್ತದೆ, ನಿಮ್ಮ ಮಗುವನ್ನು ನೀವೇ ಬೆಳೆಸಿ.

ಜೂನ್ ಹತ್ತಿರ ಬಂದಾಗ ಶಾಲೆಗಳ ಸುದ್ದಿಗೆಂದು ಊರೂರು ಸುತ್ತುವ ನನಗೆ ಈಗ ಈ ಪ್ರಶ್ನೆ ಎದುರಾಗುತ್ತಿದೆ. "ಸಣ್ಣ ಹುಡುಗರು, ಎರಡು ಮೂರು ವರ್ಷ ಮನೇಲೇ ಇಟ್ಕೊಂಡ್ರೆ ಏನಾಗುತ್ತೆ ಸರ್?" ಕೇಳುವವರು ದಡ್ಡರಲ್ಲ, ಮಕ್ಕಳ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ಅದಕ್ಕೇ ನೇರವಾಗಿ ಹೇಳುತ್ತೇನೆ. ಆರು ತುಂಬುವವರೆಗೆ ಅವಸರ ಬೇಡ. ಆರು ತುಂಬಿದ ಮೇಲೆ ತಡ ಬೇಡ. ನಮ್ಮ ಹಳ್ಳಿಗಳಲ್ಲಿ ಆರು ದಾಟಿದ ಮಗು ಶಾಲೆಗೆ ಹೋಗದೆ ಮನೆಯಲ್ಲಿ ಉಳಿದರೆ ಅದು ಹೋಂಸ್ಕೂಲಿಂಗ್ ಅಲ್ಲ. ಅದಕ್ಕೆ ನಮ್ಮಲ್ಲಿ ಹಳೆಯ ಹೆಸರೊಂದಿದೆ: ಶಾಲೆ ಬಿಟ್ಟ ಮಗು.

ಅವರು ಹೇಳುವುದರಲ್ಲಿ ಅರ್ಧ ನಿಜ

ಮೊದಲು ನಿಜವನ್ನು ಒಪ್ಪೋಣ. ಮೂರು ವರ್ಷದ ಮಗುವನ್ನು ಬೆಳಿಗ್ಗೆ ಏಳಕ್ಕೇ ಎಬ್ಬಿಸಿ, ಟೈ ಕಟ್ಟಿ, ತುಂಬಿ ತುಳುಕುವ ವ್ಯಾನಿಗೆ ಹತ್ತಿಸಿ ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದ ಎಲ್‌ಕೆಜಿಗೆ ಕಳಿಸುತ್ತಿದ್ದೇವಲ್ಲ, ಅದು ಕಲಿಕೆ ಅಲ್ಲ, ಶಿಕ್ಷೆ. ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಎ ಫಾರ್ ಆಪಲ್ ಹೇಳಿಸಿ, ನೆಂಟರ ಮುಂದೆ ಒಪ್ಪಿಸಿ ಹಿಗ್ಗುವ ನಾವು, ಆ ಮಗು ವ್ಯಾನಿನಲ್ಲೇ ನಿದ್ದೆ ಹೋಗುವುದನ್ನು ನೋಡುವುದಿಲ್ಲ.

ಸರ್ಕಾರದ ನಿಯಮವೂ ಈಗ ಈ ಅವಸರದ ಪರ ಇಲ್ಲ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ಆದೇಶ 2022ರಲ್ಲೇ ಬಂದಿತ್ತು. ಜಾರಿಯಾಗಬೇಕಾದ 2025-26ರಲ್ಲಿ ಪೋಷಕರು ಪಟ್ಟು ಹಿಡಿದರು, ಆ ಒಂದು ವರ್ಷಕ್ಕೆ 5 ವರ್ಷ 5 ತಿಂಗಳಿಗೆ ಇಳಿಸಿದರು. ಮೂರಕ್ಕೇ ಎಲ್‌ಕೆಜಿಗೆ ತಳ್ಳಿದ್ದರಿಂದಲೇ ಎಷ್ಟೋ ಮನೆಗಳಿಗೆ ಆ ತೊಂದರೆ ಬಂದದ್ದು.

ಹಾಗಾದರೆ ಮೂರರಿಂದ ಆರರವರೆಗೆ ಏನು? ಮನೆಯಲ್ಲಿ ಅಜ್ಜಿಯ ಕತೆ, ಅಂಗಳದಲ್ಲಿ ಮಣ್ಣು, ಊರಲ್ಲಿ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಐವತ್ತು ವರ್ಷದ ಈ ವ್ಯವಸ್ಥೆಯನ್ನು ನಾವು 'ಅನ್ನ ಹಾಕೋ ಜಾಗ' ಅಂತ ಮೂಗು ಮುರಿದು ಬಿಟ್ಟೆವು. ತನ್ನ ಭಾಷೆಯಲ್ಲಿ ಹಾಡುವ, ಓರಗೆಯವರ ಜೊತೆ ಜಗಳ ಆಡಿ ರಾಜಿಯಾಗುವ, ಬಿಸಿ ಊಟ ಉಣ್ಣುವ ಜಾಗ ಈ ವಯಸ್ಸಿಗೆ ಸಾಕು. ಇದಕ್ಕೆ ಹೋಂಸ್ಕೂಲಿಂಗ್ ಎಂಬ ದೊಡ್ಡ ಹೆಸರು ಬೇಕಿಲ್ಲ.

ಅರ್ಧ ನಿಜ ಇಲ್ಲಿಗೆ ಮುಗಿಯಿತು.

ಈ ಪ್ರಯೋಗ ಆಗಿ ಹೋಗಿದೆ

ಮಗು ಮನೆಯಲ್ಲೇ ಉಳಿದರೆ ಏನಾಗುತ್ತದೆ ಎಂದು ಊಹಿಸಬೇಕಿಲ್ಲ. ಇಡೀ ರಾಜ್ಯ ಅದನ್ನು ಮಾಡಿ ನೋಡಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಮುಚ್ಚಿದ ಶಾಲೆ, 1ರಿಂದ 5ನೇ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ನಡುವೆ ಮೇಷ್ಟ್ರುಗಳು ಗುಡಿಕಟ್ಟೆ, ಮರದ ನೆರಳಲ್ಲಿ ವಿದ್ಯಾಗಮ ನಡೆಸಿದರು, ಅದೂ ಅಕ್ಟೋಬರ್‌ಗೆ ನಿಂತಿತು. 2020ರ ಜೂನ್‌ನಲ್ಲಿ ಒಂದನೇ ತರಗತಿ ಸೇರಬೇಕಿದ್ದ ಮಗು ಶಾಲೆಯ ಕೋಣೆಯಲ್ಲಿ ಕೂರುವ ಹೊತ್ತಿಗೆ ಎರಡನೇ ತರಗತಿಗೆ ಬಂದಿತ್ತು.

ಆಗ ಏನಾಯಿತು, ನೆನಪಿದೆಯಲ್ಲ? ಮನೆಗೆ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಅಪ್ಪ ಹೊಲದಲ್ಲಿ. ಫೋನು ಮನೆಗೆ ಬಂದಾಗ ನೆಟ್‌ವರ್ಕ್ ಇಲ್ಲ. ಎರಡೂ ಇದ್ದರೆ ಅಣ್ಣನ ಕೈಯಲ್ಲಿ ಗೇಮು. ಹುಡುಗ ಕುರಿ ಹಿಂದೆ ಹೋದ, ಹುಡುಗಿ ತಮ್ಮನನ್ನು ಎತ್ತಿಕೊಂಡು ಕೂತಳು. ಕಲಿತ ಅಕ್ಷರವೂ ಮರೆತುಹೋಯಿತು.

"ಅದು ಹೋಂಸ್ಕೂಲಿಂಗ್ ಅಲ್ಲ, ಲಾಕ್‌ಡೌನ್" ಅನ್ನುತ್ತಾರೆ ವಿಡಿಯೊದವರು. ಸರಿ. ಲಾಕ್‌ಡೌನ್ ಹೋಗಿದೆ. ಮನೆ ಅದೇ ಮನೆ. ಬೆಳಿಗ್ಗೆ ಎಂಟಕ್ಕೆ ಕೂಲಿಗೆ ಹೋದ ಅವ್ವ ಸಂಜೆ ಬಂದು ಒಲೆ ಹಚ್ಚಬೇಕು. ಅವಳು ಯಾವಾಗ ಪಾಠ ಹೇಳಬೇಕು? ಕಳೆ ಕೀಳುವಾಗಲೋ, ಸಂಘದ ಕಂತು ಕಟ್ಟಲು ಓಡುವಾಗಲೋ? ಮನೆಶಾಲೆಯ ಪೂರ್ತಿ ಭಾರ ಬೀಳುವುದು ತಾಯಿಯ ಮೇಲೆ ಎಂಬುದನ್ನು ಯಾವ ವಿಡಿಯೊದಲ್ಲೂ ಹೇಳುವುದಿಲ್ಲ. ಜೋಕಾಲಿಯ ಪಕ್ಕ ಕೂತ ಆ ಅಮ್ಮನಿಗೆ ಓದು ಇದೆ, ಪುರುಸೊತ್ತು ಇದೆ, ಮನೆಯಲ್ಲಿ ಬೇರೆ ಒಂದು ಸಂಬಳ ಇದೆ. ಈ ಮೂರೂ ಇದ್ದವರು ಮಾಡಿಕೊಳ್ಳಲಿ. ಇಲ್ಲದವರಿಗೆ ಉಪದೇಶ ಬೇಡ.

ಮನೆಯಲ್ಲೇ ವಿದ್ಯೆ: ಇದು ಹೊಸದೇನಲ್ಲ

ಕೆಲವರು ಶಿವರಾಮ ಕಾರಂತರ ಹೆಸರು ತರುತ್ತಾರೆ. ನಿಜ, ಕಾರಂತರಿಗೆ ಶಾಲೆಯ ಬಾಯಿಪಾಠ ಒಗ್ಗುತ್ತಿರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಗೆ ಬೇರೆ ದಾರಿ ಹುಡುಕಿದರು, ಮಕ್ಕಳಿಗೆಂದೇ 'ಬಾಲ ಪ್ರಪಂಚ' ಬರೆದರು. ಆದರೆ ಆ ಮನೆಯಲ್ಲಿ ಕಾರಂತರಿದ್ದರು ಸ್ವಾಮಿ! ನಮ್ಮ ಮನೆಯಲ್ಲಿ ಯಾರಿದ್ದಾರೆ?

ವಿದ್ಯೆ ಮನೆಯಲ್ಲೇ ಇರಲಿ ಎಂಬುದು ಹೊಸ ಮಾತೇ ಅಲ್ಲ. ನೂರಾರು ವರ್ಷ ವಿದ್ಯೆ ಮನೆಯೊಳಗೇ ಇತ್ತು, ಕೆಲವರ ಮನೆಯೊಳಗೆ. ಉಳಿದವರು ಅಂಗಳದಾಚೆ ನಿಂತಿದ್ದರು. ಅದನ್ನು ಬೀದಿಗೆ ತಂದದ್ದು ಶಾಲೆ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ, ಜೋತಿಬಾ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. 1892ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅಷ್ಟು ಕಷ್ಟಪಟ್ಟು ಮನೆಯಿಂದ ಹೊರಗೆ ತಂದದ್ದನ್ನು ಮತ್ತೆ ಮನೆಯೊಳಗೆ ಇಟ್ಟು ಬೀಗ ಹಾಕಿದರೆ ಲಾಭ ಯಾರಿಗೆ? ಈಗಾಗಲೇ ಮನೆಯಲ್ಲಿ ಪುಸ್ತಕ ಇದ್ದವರಿಗೆ.

ಇನ್ನೊಂದು ಮಾತನ್ನೂ ಬಾಯಿ ಬಿಟ್ಟು ಹೇಳಬೇಕು. ದಲಿತ ಮಹಿಳೆ ಬಿಸಿಯೂಟ ಮಾಡುತ್ತಾಳೆಂದು ಮಕ್ಕಳನ್ನು ಶಾಲೆಯಿಂದ ದೂರ ಇಟ್ಟ ಸುದ್ದಿಗಳು ನಮ್ಮ ರಾಜ್ಯದಿಂದಲೇ ಬಂದಿವೆ. ಅಂಥವರಿಗೆ ನಾಳೆ ಹೋಂಸ್ಕೂಲಿಂಗ್ ಒಂದು ಒಳ್ಳೆಯ ಹೆಸರಾಗುತ್ತದೆ. ಎಲ್ಲರ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಜಾಗ ಎಷ್ಟೋ ಊರಲ್ಲಿ ಶಾಲೆಯೊಂದೇ.

ಕಾನೂನಿನ ಕಿಂಡಿ

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದಿದ್ದರೆ ಪೋಷಕರಿಗೆ ದಂಡ ಎಂದು ಬರೆದಿಲ್ಲ. ವಿಡಿಯೊದವರು ಈ ಎರಡನೆಯದನ್ನಷ್ಟೇ ಹೇಳುತ್ತಾರೆ.

ಅವರು ಹೇಳದ ಇನ್ನೊಂದು ಕಾನೂನಿದೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಅಪಾಯವಿಲ್ಲದ ಮನೆತನದ ಕೆಲಸದಲ್ಲಿ ಮಗು ನೆರವಾಗಬಹುದು, ಶಾಲೆಯ ಸಮಯ ಮುಗಿದ ಮೇಲೆ ಅಥವಾ ರಜೆಯಲ್ಲಿ. ಈಗ ಯೋಚಿಸಿ. ಶಾಲೆಯೇ ಇಲ್ಲದ ಮಗುವಿಗೆ ಶಾಲೆ ಮುಗಿಯುವ ಸಮಯ ಯಾವುದು? ಇಡೀ ದಿನ ರಜೆ, ಇಡೀ ದಿನ ಕೆಲಸ. ಮೆಣಸಿನಕಾಯಿ ಬಿಡಿಸುವ ಮಗುವಿನ ಫೋಟೊ ತೆಗೆಯಲು ಹೋದರೆ, "ನಮ್ದು ಹೋಂಸ್ಕೂಲಿಂಗ್ ಸರ್" ಎಂದುಬಿಟ್ಟರೆ ಮುಗಿಯಿತು.

ಶಾಲೆಯ ಹಾಜರಿ ಪುಸ್ತಕವನ್ನು ಹಗುರ ಮಾಡಬೇಡಿ. ಊರಿನ ಬಡವರ ಮಗುವನ್ನು ದಿನಾ ಹೆಸರು ಹಿಡಿದು ಕರೆಯುವ ಸರ್ಕಾರದ ಪುಸ್ತಕ ಅದೊಂದೇ. ಹುಡುಗಿ ನಾಲ್ಕು ದಿನ ಬರದಿದ್ದರೆ "ಯಾಕವ್ವ ಬರಲಿಲ್ಲ?" ಎಂದು ಕೇಳುವ ಒಬ್ಬ ಟೀಚರ್ ಇರುತ್ತಾರೆ. 2013ರಲ್ಲಿ ನಮ್ಮ ಹೈಕೋರ್ಟ್ ಪತ್ರಿಕಾ ವರದಿ ನೋಡಿ, ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಅಂಥ ಮಕ್ಕಳನ್ನು ಹುಡುಕಲು ಒಂದು ಪಟ್ಟಿ ಬೇಕಲ್ಲವೇ? ಪಟ್ಟಿಯಲ್ಲೇ ಇಲ್ಲದ ಮಗುವನ್ನು ಯಾರು ಹುಡುಕುತ್ತಾರೆ? ಮೇಲಾಗಿ ಬಿಸಿಯೂಟ, ಹಾಲು, ಮೊಟ್ಟೆ, ಜಂತುಹುಳದ ಮಾತ್ರೆ, ಪುಸ್ತಕ, ಸಮವಸ್ತ್ರ ಎಲ್ಲವೂ ಹಾಜರಿಯ ಜೊತೆ ಬರುವಂಥವು.

"ಮುಂದೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಬರೆಸಬಹುದು" ಎನ್ನುತ್ತಾರೆ. ಹೌದು, 14 ತುಂಬಿದವರು ಬರೆಯಬಹುದು. ಆದರೆ ಆರರಿಂದ ಹದಿನಾಲ್ಕರವರೆಗೆ ಎಂಟು ವರ್ಷ ಯಾರು ಕಲಿಸುತ್ತಾರೆ? ಆನ್‌ಲೈನ್ ಅರ್ಜಿ ಯಾರು ತುಂಬುತ್ತಾರೆ, ಪರೀಕ್ಷಾ ಕೇಂದ್ರಕ್ಕೆ ಯಾರು ಕರೆದೊಯ್ಯುತ್ತಾರೆ?

"ನಮ್ಮೂರ ಶಾಲೇನೇ ಸರಿ ಇಲ್ಲ"

ಇದೇ ಗಟ್ಟಿಯಾದ ತಕರಾರು. ಒಬ್ಬರೇ ಮೇಷ್ಟ್ರು, ಅವರೂ ಅರ್ಧ ದಿನ ಮೀಟಿಂಗಿಗೆ, ಸಮೀಕ್ಷೆಗೆ. ಮಳೆಗೆ ಸೋರುವ ಕೋಣೆ, ನೀರಿಲ್ಲದ ಶೌಚಾಲಯ. ಇವುಗಳ ಬಗ್ಗೆ ನಾನೇ ಎಷ್ಟೋ ಸಲ ಬರೆದಿದ್ದೇನೆ.

ಆದರೆ ಲೆಕ್ಕ ಹೀಗಿದೆ. ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ನೀವು ನಿಮ್ಮ ಮಗುವನ್ನು ಬಿಡಿಸಿದಿರಿ, ಪಕ್ಕದವರೂ ಬಿಡಿಸಿದರು. ಮಕ್ಕಳ ಸಂಖ್ಯೆ ಇಳಿಯಿತು. ಇದ್ದ ಟೀಚರ್ 'ಹೆಚ್ಚುವರಿ' ಪಟ್ಟಿಗೆ ಸೇರಿ ಬೇರೆ ಊರಿಗೆ ಹೋದರು. ಕೊನೆಗೆ ಶಾಲೆಯೇ ಪಕ್ಕದೂರಿನ ಶಾಲೆಗೆ ಸೇರಿಹೋಯಿತು. ನಿಮ್ಮ ಮಗುವಿಗೆ ಬೇರೆ ದಾರಿ ಇರಬಹುದು. ಕೂಲಿಯವರ ಮಗಳಿಗೆ ಹಳ್ಳ ದಾಟಿ ಹೋಗುವುದೊಂದೇ ದಾರಿ. ಮಗುವನ್ನು ಮನೆಯಲ್ಲಿಡುವುದು ನಿಮ್ಮ ಮನೆಯ ತೀರ್ಮಾನ ಮಾತ್ರ ಅಲ್ಲ. ಊರಿನ ಶಾಲೆಯ ಒಂದು ಇಟ್ಟಿಗೆ ಕಿತ್ತಂತೆ.

ಇನ್ನು ಮಗು ತನ್ನ ವೇಗದಲ್ಲಿ, ಆಡುತ್ತ ಕಲಿಯಬೇಕು ಎಂಬ ಆಸೆ. ಅದು ನಮ್ಮ ಸರ್ಕಾರಿ ಶಾಲೆಯಲ್ಲೇ ಹುಟ್ಟಿದೆ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು, 2009-10ರಲ್ಲಿ ರಾಜ್ಯದಾದ್ಯಂತ ಬಂತು. ಕಾರ್ಡು, ಹಾಡು, ಕಲಿಕಾ ಏಣಿ. ಒಂದು ಮೆಟ್ಟಿಲು ಗೊತ್ತಾದ ಮೇಲೆ ಇನ್ನೊಂದು. ಕಾರ್ಡು ಹರಿದುಹೋಗಿದ್ದರೆ, ಏಣಿ ಗೋಡೆಯಲ್ಲಿ ಬರೀ ಚಿತ್ರವಾಗಿದ್ದರೆ ಹೋಗಿ ಕೇಳಿ. ಕೇಳುವ ಅಧಿಕಾರ ನಿಮಗಿದೆ. ಎಸ್‌ಡಿಎಂಸಿ ಇರುವುದು ಆಗಸ್ಟ್ 15ಕ್ಕೆ ಮಿಠಾಯಿ ಹಂಚಲು ಅಲ್ಲ. ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಪಾಠ ಹೇಳುತ್ತೇನೆ ಎನ್ನುವವರು ತಿಂಗಳಿಗೆ ಎರಡು ಗಂಟೆ ಆ ಸಭೆಯಲ್ಲಿ ಕೂತರೆ ಊರಿನ ಎಲ್ಲ ಮಕ್ಕಳಿಗೂ ಲಾಭ.

ಮನೆಯಲ್ಲೇ ಕಲಿಯುವ ಹಕ್ಕು ಇರುವ ಮಗು

ಒಂದು ಕಡೆ ಮಾತ್ರ ಮನೆಯ ಕಲಿಕೆ ಹಕ್ಕು. ತೀವ್ರ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವ ಮಗುವಿಗೆ 2012ರ ತಿದ್ದುಪಡಿ ಗೃಹಾಧಾರಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಶಿಕ್ಷಕರೇ ಮನೆಗೆ ಬರಬೇಕು. ನಿಮ್ಮ ಓಣಿಯಲ್ಲಿ ಮಲಗಿದಲ್ಲೇ ಇರುವ ಮಗುವೊಂದಿದ್ದರೆ ಬಿಇಒ ಕಚೇರಿಗೆ ಅರ್ಜಿ ಕೊಡಿಸಿ, ಸ್ವೀಕೃತಿ ಪಡೆಯಿರಿ. ಹೋಂಸ್ಕೂಲಿಂಗ್ ಎಂದು ಕೂಗುವವರು ಯಾರೂ ಈ ಮಗುವಿನ ಮನೆಗೆ ಹೋದದ್ದನ್ನು ನಾನು ನೋಡಿಲ್ಲ.

ಉಳಿದವರು ತೀರ್ಮಾನ ಮಾಡುವ ಮೊದಲು ನಿಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಿ. ದಿನಾ ತಪ್ಪದೆ ಕಲಿಸುವವರು ಯಾರು? ಸುಗ್ಗಿಯಲ್ಲೂ ಕಲಿಸುತ್ತಾರಾ? ಮಗನನ್ನು ಶಾಲೆಗೆ ಕಳಿಸಿ ಮಗಳಿಗೆ ಮಾತ್ರ ಮನೆಪಾಠ ಅನ್ನುತ್ತಿಲ್ಲ ತಾನೇ? ಮೂರಕ್ಕೂ ಎದೆ ಮುಟ್ಟಿ ಉತ್ತರ ಹೇಳಲು ಆಗದಿದ್ದರೆ ವಿಡಿಯೊ ಪಕ್ಕಕ್ಕಿಡಿ. ಸಂಜೆ ಮಗುವಿಗೆ ಕತೆ ಹೇಳಿ, ಸಂತೆಗೆ ಕರೆದೊಯ್ದು ಲೆಕ್ಕ ಹೇಳಿಸಿ, ಹೊಲದಲ್ಲಿ ಬೀಜದ ಹೆಸರು ಕಲಿಸಿ. ಮನೆ ಕಲಿಸಬೇಕಾದ್ದು ಬೇಕಾದಷ್ಟಿದೆ. ಬೆಳಿಗ್ಗೆ ಗಂಟೆ ಬಾರಿಸಿದಾಗ ಮಾತ್ರ ಮಗು ಶಾಲೆಯಲ್ಲಿರಲಿ. ಅಲ್ಲಿ ಗಂಟೆ ಬಾರಿಸುವವರೇ ಇಲ್ಲದಿದ್ದರೆ, ಮಗುವನ್ನು ಮನೆಗೆ ಕರೆತರಬೇಡಿ. ಹತ್ತು ಜನ ಸೇರಿ ಬಿಇಒ ಕಚೇರಿ ಮುಂದೆ ಕೂತುಕೊಳ್ಳಿ. ಫೋನ್ ಮಾಡಿ, ಸುದ್ದಿ ಮಾಡಲು ನಾವು ಬರುತ್ತೇವೆ.