ಐದು ನಿಮಿಷಕ್ಕೊಮ್ಮೆ ಓಡುವ ಸುಳ್ಳು

"ಎರಡು ಡೇಟಾಬೇಸ್ ಸಿಂಕ್ ಮಾಡೋದು ಏನ್ ಮಹಾ ಕೆಲಸ? ಒಂದು ಕ್ರಾನ್ ಜಾಬ್ ಹಾಕಿ, ಮುಗೀತು." ನಾನು ಕೆಲಸ ಮಾಡಿದ ಕಡೆಯೆಲ್ಲ ಯಾರಾದರೊಬ್ಬ ಮ್ಯಾನೇಜರ್ ಬಾಯಿಂದ ಈ ಮಾತು ಕೇಳಿದ್ದೇನೆ. ಮುಗಿಯೋದಿಲ್ಲ ಸ್ವಾಮಿ, ರಗಳೆ ಶುರುವಾಗೋದೇ ಅಲ್ಲಿಂದ.

ಟೇಬಲ್ಲಿನಲ್ಲಿ 'ಕೊನೆಗೆ ಬದಲಾದ ಸಮಯ' ಅಂತ ಒಂದು ಕಾಲಂ. ಕಳೆದ ಸಲ ಓಡಿದ ಮೇಲೆ ಬದಲಾದ ಸಾಲುಗಳನ್ನು ಹೆಕ್ಕಿ ಆ ಕಡೆ ಸುರಿಯೋದು, ಇಷ್ಟೇ ಆ ಜಾಬಿನ ಕೆಲಸ. ಸರಿ, ಡಿಲೀಟ್ ಆದ ಸಾಲಿನ ಗತಿ? ಸಾಲೇ ಇಲ್ಲದ ಮೇಲೆ ಅದರ ಸಮಯ ಎಲ್ಲಿಂದ ಬರಬೇಕು? ಈ ಕಡೆ ಅಳಿಸಿಹೋದ ಗ್ರಾಹಕ ಆ ಕಡೆ ಚಿರಂಜೀವಿ! ಖಾತೆ ಮುಚ್ಚಿದವರಿಗೆ ತಿಂಗಳುಗಟ್ಟಲೆ 'ಬಾಕಿ ಕಟ್ಟಿ' ಅಂತ ಎಸ್ಸೆಮ್ಮೆಸ್ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೈಸಿಕೊಂಡಿದ್ದು ಮಾತ್ರ ಕಾಲ್ ಸೆಂಟರಿನ ಹುಡುಗರು.

ಇದಕ್ಕಿಂತ ಕಳ್ಳ ತೊಂದರೆ ಇನ್ನೊಂದಿದೆ. 10:00ರ ಸಮಯ ಹೊತ್ತ ಸಾಲು 10:06ಕ್ಕೆ ಕಮಿಟ್ ಆಯ್ತು ಅನ್ನಿ. 10:05ರ ಜಾಬಿಗೆ ಅದು ಕಾಣಿಸಲ್ಲ. 10:10ರ ಜಾಬು 10:05ರ ನಂತರದ್ದನ್ನು ಮಾತ್ರ ಕೇಳುತ್ತೆ. ಆ ಸಾಲು ತಪ್ಪಿಯೇ ಹೋಯ್ತು. ಎರರ್ ಇಲ್ಲ, ಗಲಾಟೆ ಇಲ್ಲ, ಏನೂ ಇಲ್ಲ...

"ಹಾಗಾದ್ರೆ ಅಪ್ಲಿಕೇಶನ್ನಿಂದಲೇ ಎರಡಕ್ಕೂ ಬರೆಯೋಣ" ಅನ್ನೋರು ಇನ್ನೂ ಬುದ್ಧಿವಂತರು. ಒಂದಕ್ಕೆ ಬರೆದು ಇನ್ನೊಂದಕ್ಕೆ ಬರೆಯುವ ಮುಂಚೆ ಸರ್ವರ್ ಬಿದ್ದರೆ?

ನನಗೆ ಸಿಟ್ಟು ಬರೋದು ಯಾಕೆ ಅಂದ್ರೆ, ಉತ್ತರ ಡೇಟಾಬೇಸಿನ ಹೊಟ್ಟೆಯಲ್ಲೇ ಇದೆ. ಬಿನ್‌ಲಾಗ್ ಆನ್ ಇದ್ದರೆ ಮೈಎಸ್‌ಕ್ಯೂಎಲ್ ಪ್ರತಿ ಬದಲಾವಣೆಯನ್ನೂ, ಡಿಲೀಟ್ ಸಮೇತ, ಕಮಿಟ್ ಆದ ಮೇಲೆ ಸಿಗುವ ಹಾಗೆ ಬರೆದಿಡುತ್ತೆ. ಸಾಲುಸಾಲಾಗಿ ಬರೆಯೋ ಸೌಲಭ್ಯ 2008ರ 5.1ರಿಂದಲೇ ಇದೆ. ಪೋಸ್ಟ್‌ಗ್ರೆಸ್ 2014ರ 9.4ರಲ್ಲಿ ಲಾಜಿಕಲ್ ಡೀಕೋಡಿಂಗ್ ಕೊಟ್ಟಿತು, 2017ರ 10ರಲ್ಲಿ ಲಾಜಿಕಲ್ ರೆಪ್ಲಿಕೇಶನ್ನನ್ನೇ ಕೊಟ್ಟಿತು. ಈ ಲಾಗ್‌ಗಳನ್ನು ಓದೋ ಡೆಬಿಜಿಯಂ ಪುಕ್ಕಟೆ ಸಿಗುತ್ತೆ. ಆದರೂ ಕ್ರಾನ್!

ಹಾಗಂತ ಲಾಗ್ ಓದಿದರೆ ಎಲ್ಲ ಸಲೀಸು ಅಂತಲ್ಲ. 'ಕೃಷ್ಣಮೂರ್ತಿ' ಅಂತ ಕನ್ನಡದಲ್ಲಿ ಬರೆಯಿರಿ. ಯೂನಿಕೋಡ್ ಲೆಕ್ಕದಲ್ಲಿ 11 ಅಕ್ಷರ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 33. ಮೈಎಸ್‌ಕ್ಯೂಎಲ್‌ನ 30ರ ವಾರ್‌ಚಾರ್ ಅಕ್ಷರ ಎಣಿಸುತ್ತೆ, ಹಿಡಿಸಿಕೊಳ್ಳುತ್ತೆ. ಒರಾಕಲ್ಲಿನ 30ರ ವಾರ್‌ಚಾರ್2 ನಾವು ಬೇರೆ ಹೇಳದಿದ್ದರೆ ಬೈಟ್ ಎಣಿಸುತ್ತೆ, ಕೃಷ್ಣಮೂರ್ತಿಯವರನ್ನು ಬಾಗಿಲಲ್ಲೇ ನಿಲ್ಲಿಸುತ್ತೆ. ಇಂಗ್ಲಿಷ್ ಹೆಸರಲ್ಲಷ್ಟೇ ಟೆಸ್ಟ್ ಮಾಡೋ ಬೆಂಗಳೂರಿನ ಟೀಮುಗಳಿಗೆ ಇದು ಗೊತ್ತಾಗೋದು ಲೈವ್ ಹೋದ ಮೇಲೆಯೇ. ಆದರೆ ಇಲ್ಲಿ ಮುಖಕ್ಕೆ ಹೊಡೆದ ಹಾಗೆ ಎರರ್ ಆದರೂ ಬರುತ್ತೆ. ಸಾಲು ಮಾಯ ಮಾಡಿ 'ಸಕ್ಸೆಸ್' ಅನ್ನೋದಿಲ್ಲ.

ನಾಳೆ ಆಫೀಸಿನಲ್ಲಿ ಎರಡೂ ಕಡೆ ಒಂದು ಕೌಂಟ್ ಕ್ವೆರಿ ಓಡಿಸಿ ನೋಡಿ. ಸಂಖ್ಯೆ ಬೇರೆ ಬೇರೆ ಬಂದರೆ ಆ ಮ್ಯಾನೇಜರನ್ನೇ ಕರೆದು ತೋರಿಸಿ.