ಅಳತೆ ತೆಗೆದು ಆಡುವ ಮಾತು

ಕರೋಲ್ ಬಾಗಿನಲ್ಲಿ ಬಿಡಾರ ಹೂಡಿರುವ ನಮ್ಮಂಥವರಿಗೆ ಅಜ್ಮಲ್ ಖಾನ್ ರಸ್ತೆಯ ಬಟ್ಟೆಯಂಗಡಿಗಳು ಹೊಸವಲ್ಲ. ಸಿದ್ಧ ಉಡುಪು ಅಗ್ಗವೇನೋ ನಿಜ. ಆದರೆ ಹೆಗಲು ಸರಿಯಾದರೆ ತೋಳು ಉದ್ದ, ತೋಳು ಸರಿಯಾದರೆ ಹೊಟ್ಟೆ ಬಿಗಿ. ನೊಂದವರಿಗೆ ಹೇಳುವ ಸಮಾಧಾನದ ಮಾತಿಗೂ ಇದೇ ಗತಿ ಎಂಬುದನ್ನು ಕಳೆದ ಚಳಿಗಾಲದಲ್ಲಿ ನಮ್ಮ ಅಮ್ಮನಿಂದ ಕಲಿತೆವು.

ಅಪ್ಪಯ್ಯ ತೀರಿಕೊಂಡ ಮೇಲೆ ತೀರ್ಥಹಳ್ಳಿ ಕಡೆಯ ಮನೆಗೆ ಬೀಗ ಹಾಕಿ, ಅಮ್ಮನನ್ನು ನಮ್ಮ ಮೂರನೆಯ ಮಹಡಿಯ ಎರಡು ಕೋಣೆಗಳಿಗೆ ಕರೆತಂದೆವು. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೂ ಅಮ್ಮ ಹಾಸಿಗೆಯ ಮೇಲೆ ಕುಳಿತೇ ಇರುತ್ತಿದ್ದಳು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ದೇಹದಲ್ಲಿ ದೋಷವಿಲ್ಲವೆಂದು ಹೇಳಿ, ಮನಃಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳುಹಿಸಿದರು. ಆಕೆ ಸಮ್ಮೋಹನ ವಿಧಾನದ ಹಿಂದಿ ಧ್ವನಿಮುದ್ರಿಕೆಯೊಂದನ್ನು ನಮ್ಮ ಮೊಬೈಲಿಗೆ ಕಳುಹಿಸಿದರು. ಅದರಲ್ಲಿ ಸಮುದ್ರ ತೀರ, ಅಲೆಗಳ ಸದ್ದು. ಅಲ್ಲಿಗೆ ಹೋಗಲು ಹತ್ತು ಮೆಟ್ಟಿಲು ಇಳಿಯಬೇಕು. ನಾವು ಅದನ್ನು ಕನ್ನಡಿಸಿ ಹೇಳಿದೆವು.

“ದಿನಾ ಈ ಮೂರು ಮಹಡಿ ಹತ್ತಿ ಇಳಿಯೋದು ಸಾಲದಾ ಮಾಣಿ? ನಿದ್ದೆಯಲ್ಲೂ ಮೆಟ್ಟಿಲಾ?” ಎಂದಳು ಅಮ್ಮ. ಆಕೆಗೆ ಮಂಡಿನೋವು. ಸಮುದ್ರವನ್ನಂತೂ ಕಂಡವಳಲ್ಲ.

ಸಮ್ಮೋಹನವೆಂದರೆ ಜಾದೂಗಾರನ ಆಟವೆಂಬ ಭ್ರಮೆ ನಮಗೂ ಇತ್ತು. ಹಾಗಲ್ಲವಂತೆ. 1843ರಲ್ಲಿ ಜೇಮ್ಸ್ ಬ್ರೇಡ್ ಎಂಬ ವೈದ್ಯರು ತಮ್ಮ ಗ್ರಂಥದಲ್ಲಿ ಇದಕ್ಕೆ ಹಿಪ್ನಾಟಿಸಂ ಎಂಬ ಹೆಸರನ್ನು ಬಳಸಿದರು. ಅದರ ಮೂಲ ನಿದ್ರೆ ಎಂಬರ್ಥದ ಗ್ರೀಕ್ ಪದ. ಇದು ನಿದ್ರೆಯಲ್ಲ, ಮನಸ್ಸು ಒಂದೇ ವಿಚಾರದಲ್ಲಿ ನೆಲೆಗೊಳ್ಳುವುದು ಎಂದು ಮುಂದೆ ಅವರೇ ಆ ಹೆಸರನ್ನು ತಿದ್ದಲು ಹೊರಟರು. ಮನಸ್ಸು ನೆಲೆಗೊಳ್ಳಬೇಕಾದರೆ ಅದಕ್ಕೆ ಒಪ್ಪುವ ಜಾಗ ಬೇಕಷ್ಟೆ. ಅಮ್ಮನಿಗೆ ಒಪ್ಪುವ ಜಾಗ ಮಗನಿಗೆ ತಿಳಿಯದೇ? ಬಿ.ಎ. ಪದವಿಯ ಧೈರ್ಯದಿಂದ ನಾವೇ ಲೇಖನಿ ಹಿಡಿದೆವು. ಹೆಂಚಿನ ಮನೆ, ಅಡಿಕೆ ತೋಟದ ದಾರಿ, ಸಣ್ಣಗೆ ಹನಿಯುವ ಮಳೆ—ಎಲ್ಲವನ್ನೂ ತುಂಬಿ, ರಾತ್ರಿ ಅಮ್ಮನ ಪಕ್ಕದಲ್ಲಿ ಕುಳಿತು ಮೆಲುದನಿಯಲ್ಲಿ ಓದಿದೆವು.

ಮಳೆ ಹನಿಯುವಷ್ಟರಲ್ಲಿ ಅಮ್ಮ ಎದ್ದು ಕುಳಿತು ಬಿಕ್ಕಿದಳು.

“ಅಂಥದೇ ಮಳೆಯಲ್ಲವೇನೋ ಅವತ್ತು? ಅವರಿಗೆ ಎದೆನೋವು ಬಂದಾಗ ಗಾಡಿಗೆಂದು ಆ ತೋಟದ ದಾರಿಯಲ್ಲೇ ಓಡಿದ್ದು ನಾನು.”

ಆ ರಾತ್ರಿ ನಾವು ದೆಹಲಿಯಲ್ಲಿದ್ದೆವು. ಮರುದಿನ ಊರಿಗೆ ಹೋಗಿ ಮಗನು ಮಾಡಬೇಕಾದುದೆಲ್ಲವನ್ನೂ ಮಾಡಿದೆವು. ಆದರೆ ಆ ರಾತ್ರಿ ಏನಾಯಿತೆಂದು ಅಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.

ಮನಃಶಾಸ್ತ್ರಜ್ಞೆಯ ಮುಂದೆ ತಪ್ಪೊಪ್ಪಿಕೊಂಡಾಗ, “ಮೊದಲ ತಪ್ಪು ನನ್ನದೇ, ನಾನೂ ಕೇಳಲಿಲ್ಲ” ಎಂದರು ಆಕೆ. ಅಮೆರಿಕದ ಮನೋವೈದ್ಯ ಮಿಲ್ಟನ್ ಎರಿಕ್ಸನ್ 1966ರಲ್ಲಿ ಪ್ರಕಟಿಸಿದ ಪ್ರಸಂಗವೊಂದನ್ನೂ ಹೇಳಿದರು. ಕ್ಯಾನ್ಸರಿನ ನೋವಿನಿಂದ ನರಳುತ್ತಿದ್ದ ಹೂವಿನ ವ್ಯಾಪಾರಿಯೊಬ್ಬನಿಗೆ ಸಮ್ಮೋಹನದ ಹೆಸರೆತ್ತಿದರೇ ಆಗುತ್ತಿರಲಿಲ್ಲ. ಎರಿಕ್ಸನ್ ಅವನೊಡನೆ ಟೊಮೇಟೊ ಗಿಡದ ಮಾತು ತೆಗೆದರು. ಬೀಜ ಮಣ್ಣಿಗೆ ಬೀಳುವುದು, ಮಳೆ ನೀರು ಕುಡಿಯುವುದು, ಮೊಳೆಯುವುದು. ನಡುನಡುವೆ ನೆಮ್ಮದಿ, ಹಾಯಿ ಎಂಬ ಮಾತುಗಳು. ಗಿಡಗಳ ನಡುವೆ ಬದುಕಿದವನಿಗೆ ಆ ಮಾತು ನಾಟಿತು, ನೋವು ತಗ್ಗಿತು.

ಆಮೇಲೆ ಅಮ್ಮನನ್ನು ಕೇಳಿದರು: ಮೈ ಹಗುರವಾಗುವುದು ಯಾವಾಗ? ಕೈಯಲ್ಲಿ ಏನಿರುತ್ತದೆ? ಯಾವ ಸದ್ದು ಹಿತ? ಯಾವುದರ ನೆನಪು ಬೇಡ? ನಾವು ದುಭಾಷಿಗಳು. ಅಮ್ಮನ ಉತ್ತರದಲ್ಲಿ ತೋಟವೂ ಇಲ್ಲ, ಮಳೆಯೂ ಇಲ್ಲ. ಮಧ್ಯಾಹ್ನ ಎಲ್ಲರ ಊಟವಾಗಿ, ಅಡುಗೆಮನೆ ಒರೆಸಿ, ಗೋಡೆಗೊರಗಿ ಕಾಲು ಚಾಚಿ ಬತ್ತಿ ಹೊಸೆಯುವ ಹೊತ್ತು—ಅಷ್ಟೇ.

ಹೊಸ ಮಾತನ್ನು ಮೂವರೂ ಸೇರಿ ಕಟ್ಟಿದೆವು. ಹತ್ತು ಮೆಟ್ಟಿಲ ಬದಲು ಹತ್ತು ಬತ್ತಿ. “ಕಣ್ಣು ಮುಚ್ಚು” ಎಂಬ ಆಜ್ಞೆಯ ಬದಲು “ಮುಚ್ಚಬೇಕೆನಿಸಿದರೆ ಮುಚ್ಚಿಕೋ ಅಮ್ಮಾ.” ಅಮ್ಮ ಉಸಿರು ಬಿಡುವಾಗ ನಮ್ಮ ವಾಕ್ಯವೂ ಮುಗಿಯಬೇಕು. ಪುಸ್ತಕದ ಕನ್ನಡ ಬೇಡ, ಮನೆಯ ಮಾತು ಸಾಕು.

ಪವಾಡವೇನೂ ನಡೆಯಲಿಲ್ಲ. ಕೆಲವು ರಾತ್ರಿ ಏಳನೆಯ ಬತ್ತಿಗೇ ಗೊರಕೆ ಕೇಳಿಸುತ್ತದೆ. ಕೆಲವು ರಾತ್ರಿ ಹತ್ತೂ ಮುಗಿದು ಅಮ್ಮ ಎಚ್ಚರವಾಗಿಯೇ ಇರುತ್ತಾಳೆ. ಆಗ ಆ ಮಳೆಯ ರಾತ್ರಿಯ ಮಾತು ಬರುತ್ತದೆ. ನಾವು ಸುಮ್ಮನೆ ಕೇಳುತ್ತೇವೆ.

ವಾಚಕರಲ್ಲಿ ಒಂದು ಎಚ್ಚರಿಕೆಯ ಮಾತು. ಇಲ್ಲದ ದನಿ ಕೇಳಿಸುವವರಿಗೆ, ಭೀಕರ ನೆನಪುಗಳಿಂದ ಬೆದರುವವರಿಗೆ ಇದನ್ನು ಮನೆಯಲ್ಲಿ ಪ್ರಯೋಗಿಸಲಾಗದು, ತಜ್ಞರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಬಹುದು, ಕನ್ನಡದಲ್ಲೂ ಮಾತನಾಡುವವರುಂಟು.

ಊರಿನಿಂದ ಹಿರಿಯರನ್ನು ಕರೆತಂದಿರುವ ಮನೆಗಳು ನಮ್ಮಲ್ಲಿ ಬಹಳ. ಕಂಬಳಿ, ಕನ್ನಡಕ, ಔಷಧಿ ಎಲ್ಲವನ್ನೂ ನಾವು ಅಳತೆ ನೋಡಿಯೇ ತರುತ್ತೇವೆ. ಅವರ ಮನಸ್ಸಿನ ಅಳತೆ ಮಾತ್ರ ನಮಗೆ ಗೊತ್ತೆಂದು ತಿಳಿದು ಕೇಳದೆ ಬಿಡುತ್ತೇವೆ. ಈ ಭಾನುವಾರ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ಕೇಳಿ ನೋಡಿರಿ.