ಶಾಲೆಯ ಭವನವೂ ಶಾಲೆಯ ಹಾದಿಯೂ

ಶಿಶುವರ್ಗದಿಂದ ದ್ವಿತೀಯ ಪಿಯುಸಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಸರಕಾರವು 2018-19ರಲ್ಲಿ ಆರಂಭಿಸಿತು. ಬಡವರ ಮಕ್ಕಳಿಗೂ ಒಳ್ಳೆಯ ಪ್ರಯೋಗಾಲಯ, ಗ್ರಂಥಾಲಯ, ಆಟದ ಬಯಲು ದೊರೆಯಬೇಕೆಂಬ ಉದ್ದೇಶವು ಸ್ತುತ್ಯವೇ ಸರಿ. ಆದರೆ ಹಲವು ಹಳ್ಳಿಗಳಿಗೆ ಒಂದೇ ದೊಡ್ಡ ಶಾಲೆಯಾದರೆ, ದೂರದ ಹಳ್ಳಿಯ ಬಾಲಿಕೆಯು ಮೈಲುಗಟ್ಟಲೆ ನಡೆಯಬೇಕಾದೀತೆಂಬುದನ್ನು ಅಧಿಕಾರಿಗಳು ಮರೆಯಲಾಗದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ನೆರೆಹೊರೆಯ ಶಾಲೆಯ ಹಕ್ಕನ್ನು ಕೊಟ್ಟಿರುವುದು 6ರಿಂದ 14 ವರ್ಷದವರಿಗೆ ಮಾತ್ರ. ಎಂಟನೆಯ ತರಗತಿಗೆ ಆ ರಕ್ಷೆಯು ಮುಗಿಯುತ್ತದೆ. ಮಕ್ಕಳು ಶಾಲೆ ಬಿಡುವುದೂ ಹೆಚ್ಚಾಗಿ ಪ್ರೌಢಶಾಲೆಯ ಹಂತದಲ್ಲಿಯೇ! ಆದುದರಿಂದ ಗೋಡೆಗೆ ಬಣ್ಣ ಬಳಿಯುವುದಕ್ಕೆ ಮುನ್ನ ಸರಕಾರವು ಮಕ್ಕಳ ವಾಹನಕ್ಕೆ ಹಣವನ್ನು ತೆಗೆದಿರಿಸಲಿ. ವಿಷಯಕ್ಕೊಬ್ಬ ಖಾಯಂ ಉಪಾಧ್ಯಾಯರನ್ನು ನೇಮಿಸಲಿ. ರೈತನ ಮಗಳು ತಲುಪಲಾರದ ಶಾಲೆಯು ಎಷ್ಟು ಭವ್ಯವಾಗಿದ್ದರೇನು? ಅವಳ ಪಾಲಿಗೆ ಅದು ಇಲ್ಲದಂತೆಯೇ ಸರಿ.